ದಾರಿತಪ್ಪಿದ್ದೋ ಕೈತಪ್ಪಿದ್ದೋ

ಜನವರಿ 9, ಗುರುವಾರ

ಸಿಟ್ಟಿನಲ್ಲಿ ಏನೂ ಬರೆಯಬಾರದು ಎನ್ನುತ್ತಾನೆ ನನ್ನ ಗಂಡ ಓರಿನ್. ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು, ಗಾಳ ಇಳಿಬಿಟ್ಟು ದಿನವಿಡೀ ಕೂರುವ ಗಂಡಸಿಗೆ ಸಿಟ್ಟೆಂದರೆ ಏನು ಗೊತ್ತು? ನಾನು ಬರೆದೇ ಮಲಗುವವಳು.

ಇವತ್ತು ಎಲ್ಡಾಲ್ ಮಿಲ್ಲರ್ಸ್ ಸಮಿತಿಯ ಸಭೆ. ಹೊರಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಮಾಜಿ ಸೈನಿಕರ ಹಾಲ್‌ನ ಹೀಟರ್ ಕೆಮ್ಮುತ್ತಿತ್ತು. ಮೇ ತಿಂಗಳಲ್ಲಿ ಶುರುವಾಗುವ ಬೇಸ್‌ಬಾಲ್‌ಗೆ ಜನವರಿಯಲ್ಲೇ ಜಗಳ ಆಡದಿದ್ದರೆ ಮಿನ್ನೆಸೋಟದ ಈ ಮೂಲೆಯಲ್ಲಿ ಚಳಿಗಾಲ ಕಳೆಯುವುದಿಲ್ಲ. ನಮ್ಮ ಊರ ತಂಡಕ್ಕೆ ಇರುವುದು ಹತ್ತೊಂಬತ್ತು ಸಮವಸ್ತ್ರ, ಆದ್ದರಿಂದ ಪಟ್ಟಿಯಲ್ಲಿ ಹತ್ತೊಂಬತ್ತೇ ಹೆಸರು. ಯಾರನ್ನು ಉಳಿಸುವುದು, ಯಾರನ್ನು ಬಿಡುವುದು ಎಂದು ನಾವು ಐದು ಜನ ಸೇರಿ ತೀರ್ಮಾನಿಸುತ್ತೇವೆ. ಔಷಧಿ ಅಂಗಡಿಯ ಲೋವೆಲ್ ಅಧ್ಯಕ್ಷ. ಬೀಜದಂಗಡಿಯ ಮಾರ್ವ್ ನಿದ್ದೆ ಮಾಡಲು ಬರುತ್ತಾನೆ. ಮೈದಾನದಲ್ಲಿ ತಿಂಡಿ ಮಾರುವ ಹುಡುಗಿ, ಜೋಡಿ ಎಂದು ಹೆಸರು, ಈ ವರ್ಷ ಹೊಸದಾಗಿ ಸೇರಿದ್ದಾಳೆ. ನಾನು ಮೂವತ್ತೊಂದು ವರ್ಷದಿಂದ ಸ್ಕೋರ್ ಬರೆಯುವವಳು. ಐದನೆಯವನು ಟಾಡ್ ಹ್ಯೂಬ್ನರ್, ಹೊಸ ಮ್ಯಾನೇಜರ್, ಮೂವತ್ನಾಲ್ಕರ ಗಣಿತದ ಮೇಷ್ಟರು.

ಈ ಟಾಡ್ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಣ್ಣಬಣ್ಣದ ಕೋಷ್ಟಕ ಬಿಟ್ಟ. ಹಸಿರೆಂದರೆ ಇರಲಿ, ಹಳದಿ ಎಂದರೆ ನೋಡೋಣ, ಕೆಂಪೆಂದರೆ ಬೇಡ. ನಗರದ ಕಾಲೇಜಿನ ಮೂವರು ಹುಡುಗರು ಹಸಿರು. ಅವರ ಹೆಸರನ್ನು ಈ ಊರಿನ ನಾಯಿಯೂ ಕೇಳಿಲ್ಲ. ಕಟ್ಟಕಡೆಯ ಕೆಂಪು ಸಾಲಿನಲ್ಲಿ ಗೇಲನ್.

ಗೇಲನ್! ಇಪ್ಪತ್ತೆರಡು ವರ್ಷದಿಂದ ನಮ್ಮ ಕ್ಯಾಚರ್. ಬ್ಯಾಟಿನವನ ಹಿಂದೆ ಕುಕ್ಕರಗಾಲಲ್ಲಿ ಕೂತು ಈ ಊರಿಗಾಗಿ ಎಷ್ಟು ಸಾವಿರ ಚೆಂಡು ಹಿಡಿದಿದ್ದಾನೆ ಎಂದು ನನಗೆ ಗೊತ್ತು, ಬರೆದವಳು ನಾನು.

"ಗೇಲನ್‌ನ ಬಿಟ್ಟಿದ್ದೀಯ," ಎಂದೆ.

"ಬಿಟ್ಟಿಲ್ಲ, ಆರ್ಡಿಸ್. ನಲವತ್ತೊಂದಾಯ್ತು ಅವರಿಗೆ. ಬೆಂಚಲ್ಲಿ ಕೂತು ಹುಡುಗರಿಗೆ ಹೇಳಿಕೊಡ್ಲಿ ಅಂತ. ಗೌರವದ ಜಾಗ ಅದು."

"ಗೌರವದ ಜಾಗ ನಮ್ಮ ಸ್ಮಶಾನದಲ್ಲೂ ಇದೆ. ಸೀದಾ ಅಲ್ಲಿಗೇ ಕಳಿಸ್ಬಿಡು."

"ಅಂಕಿ ನೋಡಿ ಮಾತಾಡೋಣ. ಭಾವನೆ ಬೇಡ."

ನನ್ನ ಮೈ ಉರಿದುಹೋಯಿತು. "ಆ ಗೋಡೆ ಮೇಲಿನ ಅಂಕಿ ಎಲ್ಲಿಂದ ಬಂತು ಅಂದ್ಕೊಂಡಿದ್ದೀಯ? ಆಕಾಶದಿಂದ ಉದುರಿತಾ? ನನ್ನ ಪೆನ್ಸಿಲ್‌ನಿಂದ ಬಂತು. ಮೂವತ್ತೊಂದು ಪುಸ್ತಕ ನನ್ನ ಮನೇಲಿವೆ. ತರ್ತೀನಿ, ಒಂದೊಂದೂ ಓದ್ತೀನಿ. ನೀನು ಕಿವಿ ತೊಳ್ಕೊಂಡು ಬಾ."

ಮಾರ್ವ್ ಎಚ್ಚರಗೊಂಡ. ಲೋವೆಲ್ ಗಂಟಲು ಸರಿಮಾಡಿಕೊಂಡು, ಪಟ್ಟಿಯ ತೀರ್ಮಾನ ಮಾರ್ಚ್ ಹದಿಮೂರಕ್ಕೆ ಎಂದ. ಎರಡು ತಿಂಗಳಿದೆ. ಸಾಕು.

ಗೇಲನ್ ನನ್ನ ಅಕ್ಕನ ಮಗ. ಅದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಜನವರಿ 12, ಭಾನುವಾರ

ಪ್ರಾರ್ಥನೆ ಮುಗಿಸಿಕೊಂಡು ವರ್ಲಾ ಅಕ್ಕನ ಮನೆಗೆ ಊಟಕ್ಕೆ. ವಿಷಯ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ಮೇಷ್ಟ್ರಿಗೆ ಮೀಸೆ ಬಂದು ಎಷ್ಟು ದಿನ ಆಯ್ತು?" ಎಂದಳು ಅಕ್ಕ, ಮಾಂಸ ಆಲೂಗಡ್ಡೆ ಬೇಯಿಸಿದ ಹಾಟ್‌ಡಿಶ್‌ನ ಬೋಗುಣಿಯನ್ನು ಮೇಜಿಗೆ ಕುಕ್ಕಿ. ಆಲೂಗಡ್ಡೆ ಎಗರಿತು. "ಆರ್ಡಿಸ್, ನೀನಿದ್ದೂ ಹೀಗಾಯ್ತಲ್ಲೇ!"

"ಇನ್ನೂ ಆಗಿಲ್ಲ. ಆಗೋಕೆ ಬಿಡಲ್ಲ."

ಗೇಲನ್ ತಡವಾಗಿ ಬಂದ. ಈ ಚಳಿಯಲ್ಲಿ ಅವನ ಗ್ಯಾಸ್ ಟ್ಯಾಂಕರಿಗೆ ಭಾನುವಾರವೂ ಬಿಡುವಿಲ್ಲ. ಕುರ್ಚಿಯ ಮೇಲೆ ಕಾಲು ಚಾಚಿ, ಮೊಣಕಾಲಿಗೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡೇ ಉಂಡ. ಟ್ಯಾಂಕರಿನ ಮೆಟ್ಟಿಲು ಎತ್ತರ, ಅದಕ್ಕೇ ನೋವು ಎಂದ. ಇರಬಹುದು.

"ನೀವಿರೋವಾಗ ನಂಗೇನು ಭಯ, ಚಿಕ್ಕಮ್ಮ," ಎಂದು ನಕ್ಕ. ಹತ್ತು ವರ್ಷದವನಿದ್ದಾಗಲೂ ಹೀಗೇ ನಗುತ್ತಿದ್ದ.

ಜನವರಿ 18, ಶನಿವಾರ

ದಿನಸಿ ಅಂಗಡಿಯಲ್ಲಿ ಟಾಡ್ ಎದುರಾದ. ನಾನು ಬಟಾಣಿ ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ಮೂರು ಸಲ ಓದಿದೆ. ಅವನು ಹೋಗುವವರೆಗೂ ತಲೆ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಬಟಾಣಿ ತಿನ್ನುವುದಿಲ್ಲ. ಎರಡು ಡಬ್ಬಿ ತಂದಿದ್ದೇನೆ.

ಜನವರಿ 25, ಶನಿವಾರ

ಊಟದ ಮೇಜಿನ ತುಂಬ ಪುಸ್ತಕಗಳು. ಓರಿನ್ ನಿಂತುಕೊಂಡೇ ಸೂಪು ಕುಡಿದ.

ಕೊನೆಯ ಐದು ವರ್ಷದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಡುತ್ತೇನೆ ಎಂದು ಜೋಡಿ ತಾನಾಗಿಯೇ ಬಂದಳು. ಒಳ್ಳೆಯ ಹುಡುಗಿ. ಆದರೆ ಆಟದ ತಲೆಬುಡ ಗೊತ್ತಿಲ್ಲ. ಎರಡು ಗುರುತುಗಳ ಮೇಲೆ ಬೆರಳಿಟ್ಟು ಇವೇನು ಎಂದಳು.

"ಪಿಚರ್ ಎಸೆದ ಚೆಂಡು ಕ್ಯಾಚರ್‌ನ ದಾಟಿ ಹಿಂದಕ್ಕೆ ಓಡಿತು ಅಂತಿಟ್ಕೋ. ಎಸೆದದ್ದೇ ಅಡ್ಡಾದಿಡ್ಡಿ ಇದ್ರೆ ಅದು ದಾರಿತಪ್ಪಿದ್ದು. ಪಿಚರ್ ತಲೆಗೆ. ಎಸೆದದ್ದು ಸರಿಯಿತ್ತು, ಹಿಡಿಯೋನೇ ಬಿಟ್ಟ ಅಂದ್ರೆ ಅದು ಕೈತಪ್ಪಿದ್ದು. ಕ್ಯಾಚರ್ ತಲೆಗೆ."

"ಯಾರ ತಲೆಗೆ ಅಂತ ಹೇಳೋದು ಯಾರು?"

"ನಾನು."

"ನೀವೊಬ್ಬರೇನಾ?"

"ಮತ್ತೇನು, ಪಾದ್ರೀನ ಕರೀಬೇಕಾ?"

ನಕ್ಕಳು. ನಾನೂ ನಕ್ಕೆ. ಮೂವತ್ತೊಂದು ವರ್ಷದಲ್ಲಿ ನಾನು ಬರೆದದ್ದನ್ನು ಯಾರೂ ಪ್ರಶ್ನಿಸಿಲ್ಲ ಎಂದು ಹೇಳಿದೆ.

ಫೆಬ್ರವರಿ 1, ಶನಿವಾರ

ಜೋಡಿಯನ್ನು ಮನೆಗೆ ಕಳಿಸಿಬಿಟ್ಟೆ. ಪೈ ಕತ್ತರಿಸಿ ಇಟ್ಟಿದ್ದೆ, ಕೊಡಲಿಲ್ಲ.

ಆಗಿದ್ದಿಷ್ಟು. ಅವಳ ಲೆಕ್ಕ ಮುಗಿದಿತ್ತು. ಪರದೆ ನೋಡುತ್ತ ನಗುತ್ತಲೇ, "ಆರ್ಡಿಸ್, ತಮಾಷೆ ನೋಡಿ, ಗೇಲನ್ ಇಲ್ಲದ ದಿನ ನಮ್ಮ ಪಿಚರ್‌ಗಳೆಲ್ಲ ಜಾಣರಾಗ್ಬಿಡ್ತಾರೆ!" ಎಂದಳು.

"ಅಂದ್ರೆ?"

"ಐದು ವರ್ಷದಲ್ಲಿ ಗೇಲನ್ ಹಿಡಿದ ನೂರ ಇಪ್ಪತ್ತು ಆಟದಲ್ಲಿ ದಾರಿತಪ್ಪಿದ್ದು ನೂರ ನಲವತ್ತು, ಕೈತಪ್ಪಿದ್ದು ಬರೀ ಹನ್ನೊಂದು. ಅವರು ರಜಾ ಹಾಕಿ ಬೇರೆಯವರು ಹಿಡಿದ ಮೂವತ್ತು ಆಟದಲ್ಲಿ ದಾರಿತಪ್ಪಿದ್ದು ಒಂಬತ್ತು, ಕೈತಪ್ಪಿದ್ದು ಎಂಟು. ಪಿಚರ್‌ಗಳು ಅವರೇ. ಯಾಕಿರಬಹುದು?"

ಯಾಕೆಂದರೆ ಗೇಲನ್‌ನ ಕೈ ಒಳ್ಳೆಯ ಕೈ, ಬೇರೆಯವರದ್ದು ಅಲ್ಲ, ಅದಕ್ಕೇ ಎಂದೆ. ಹಾಗಾದರೆ ಅವರು ಕೂತಾಗ ಚೆಂಡು ಹಿಂದಕ್ಕೆ ಓಡುವುದೇ ಕಮ್ಮಿ ಇರಬೇಕಿತ್ತಲ್ಲ ಎಂದಳು. ಸಾಸೇಜ್ ಬೇಯಿಸುವವಳು ನನಗೆ ಬೇಸ್‌ಬಾಲ್ ಹೇಳಿಕೊಡಲು ಬಂದಳು! ತಲೆನೋವು, ನಾಳೆ ನೋಡೋಣ ಎಂದೆ. ಪಾಪ, ಕಂಪ್ಯೂಟರ್ ಮಡಚಿಕೊಂಡು ಹೋದಳು.

ಫೆಬ್ರವರಿ 2, ಭಾನುವಾರ

ಅವಳು ತಪ್ಪು ಕೂಡಿದ್ದಾಳೆಂದು ತೋರಿಸಲು ನಾನೇ ಕೂತು ಕೈಯಲ್ಲಿ ಎಣಿಸಿದೆ.

ನೂರ ನಲವತ್ತಲ್ಲ. ನೂರ ನಲವತ್ತೆರಡು.

ಫೆಬ್ರವರಿ 5, ಬುಧವಾರ

ಇವತ್ತು ಬರೆಯುವುದೇನೂ ಇಲ್ಲ.

ಫೆಬ್ರವರಿ 16, ಭಾನುವಾರ

ಅಕ್ಕನ ಮನೆಗೆ ಹೋಗಲಿಲ್ಲ. ನೆಗಡಿ ಎಂದು ಫೋನ್ ಮಾಡಿದೆ. ನೆಗಡಿ ಇಲ್ಲ.

ಮೂರು ವರ್ಷದ ಹಿಂದಿನ ಪುಸ್ತಕದಲ್ಲಿ ಜುಲೈ ತಿಂಗಳ ಒಂದು ಪುಟವಿದೆ. ಪಕ್ಕದೂರು ರೋಸೆನ್ ಮೇಲಿನ ಆಟ. ಹತ್ತು ದಿನದಿಂದ ಅದನ್ನು ತೆಗೆಯುತ್ತೇನೆ, ಮುಚ್ಚುತ್ತೇನೆ. ಬರೆದುಬಿಟ್ಟರೆ ಪೀಡೆ ಕಳೆಯಬಹುದು.

ಅವತ್ತು ಎಸೆಯುತ್ತಿದ್ದದ್ದು ಆ ಬರ್ರಾಗಾನ್ ಹುಡುಗ, ಎಲಿಸೆಯೋ. ಅಪ್ಪ ಅಮ್ಮ ಇಬ್ಬರೂ ಟರ್ಕಿಕೋಳಿ ಕಾರ್ಖಾನೆಯಲ್ಲಿ ದುಡಿಯುವವರು. ನಾನು ಶಾಲೆಯ ಅಡುಗೆಮನೆಯಲ್ಲಿದ್ದಾಗ ತಟ್ಟೆ ಹಿಡಿದು ಬಂದು, ಬಡಿಸಿದ್ದಕ್ಕೆಲ್ಲ ಥ್ಯಾಂಕ್ಸ್ ಹೇಳುತ್ತಿದ್ದ ಮಗು. ಎಂಟನೇ ಇನ್ನಿಂಗ್ಸ್, ನಾವು ಒಂದು ರನ್ ಮುಂದೆ, ಎರಡನೇ ಮತ್ತು ಮೂರನೇ ಬೇಸಿನಲ್ಲಿ ರೋಸೆನ್‌ನವರು. ಅವನು ಎಸೆದ. ಚೆಂಡು ಮೊಣಕಾಲೆತ್ತರಕ್ಕೆ ಬಂತು, ಗೇಲನ್‌ನ ಕೈಗವಸಿಗೆ ಬಡಿಯಿತು, ಪಕ್ಕಕ್ಕೆ ಚಿಮ್ಮಿ ಬೇಲಿಯವರೆಗೂ ಉರುಳಿತು. ಇಬ್ಬರೂ ಓಡಿಬಂದರು, ಎರಡು ರನ್. ಸೋತೆವು.

ಗೇಲನ್ ಮುಖದ ಜಾಲರಿ ಎತ್ತಿ ನನ್ನ ಪೆಟ್ಟಿಗೆಯಂಥ ಕೋಣೆಯ ಕಡೆ ನೋಡಿದ. ನಾನು ದಾರಿತಪ್ಪಿದ್ದು ಎಂದು ಬರೆದೆ. ಯೋಚಿಸಲೂ ಇಲ್ಲ. ಕೈ ತಾನಾಗಿ ಬರೆಯಿತು.

ಆ ವರ್ಷ ಹುಡುಗನ ತಲೆಗೆ ಇಪ್ಪತ್ತಮೂರು ದಾರಿತಪ್ಪಿದವು. ಅದರಿಂದ ಬಂದ ರನ್ನೆಲ್ಲ ಅವನ ಖಾತೆಗೇ. ಚಳಿಗಾಲದ ಸಭೆಯಲ್ಲಿ ಅಂಕಿ ಓದಿದವಳು ನಾನು. "ಹತೋಟಿ ಇಲ್ಲದ ಕೈ, ಅಂಕಿ ಸುಳ್ಳು ಹೇಳಲ್ಲ" ಎಂದವಳೂ ನಾನೇ. ಅವನನ್ನು ಬಿಡಲು ಐದಕ್ಕೆ ಐದು ಕೈ ಎದ್ದವು. ಹುಡುಗ ಹಾಲ್‌ನ ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ. "ಇಪ್ಪತ್ತಮೂರಾ, ಮಿಸೆಸ್ ನೈಗಾರ್ಡ್?" ಎಂದು ಕೇಳಿದ, ಅಷ್ಟೆ. ಹೌದು ಎಂದೆ. ಹೊರಟುಹೋದ.

ಒಂದು ಮಾತಾದರೂ ಜಗಳ ಆಡಬಾರದಿತ್ತೇ ಅವನು? ಬಾಯಿ ಇರಲಿಲ್ಲವೇ? ಇದೆಲ್ಲ ಅವನು ಅವತ್ತು ಸುಮ್ಮನಿದ್ದದ್ದರಿಂದ ಆದದ್ದು. ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಫೆಬ್ರವರಿ 22, ಶನಿವಾರ

ಹೆದ್ದಾರಿಯ ಪಕ್ಕದ ಟೈರ್ ಅಂಗಡಿಗೆ ಕಾರು ತೆಗೆದುಕೊಂಡು ಹೋದೆ. ಟೈರು ಚೆನ್ನಾಗಿಯೇ ಇದ್ದವು.

ಎಲಿಸೆಯೋ ಈಗ ಅಲ್ಲಿ ಮೇಸ್ತ್ರಿ. ಗಡ್ಡ ಬಿಟ್ಟಿದ್ದಾನೆ. ಬಗ್ಗಿ ನಾಲ್ಕೂ ಚಕ್ರ ನೋಡಿ, ಕೈ ಒರೆಸಿಕೊಂಡು ಎದ್ದ.

"ಇನ್ನೂ ಎರಡು ವರ್ಷ ಓಡ್ತವೆ, ಮಿಸೆಸ್ ನೈಗಾರ್ಡ್. ಏನಾಗಬೇಕಿತ್ತು?"

"ಎಸೀತಿದ್ದೀಯಾ ಇನ್ನೂ?"

"ಭಾನುವಾರ ನಮ್ಮವರದ್ದೊಂದು ಲೀಗ್ ಇದೆ, ಕಾರ್ಖಾನೆ ಹಿಂದಿನ ಬಯಲಲ್ಲಿ. ಬೇಲಿ ಇಲ್ಲ. ಚೆಂಡು ಜೋಳದ ಹೊಲಕ್ಕೆ ಹೋದ್ರೆ ಆಟ ನಿಲ್ಲಿಸಿ ಎಲ್ಲರೂ ಹುಡುಕ್ತೀವಿ." ನಕ್ಕ.

ಸುತ್ತಿಬಳಸುವುದು ನನಗೆ ಬರುವುದಿಲ್ಲ. "ಆ ಇಪ್ಪತ್ತಮೂರರಲ್ಲಿ ನಿನ್ನವು ಎಷ್ಟು?" ಎಂದೆ.

ನಗು ನಿಂತಿತು. ಗಾಳಿ ತುಂಬುವ ಯಂತ್ರವನ್ನು ಆರಿಸಿದ.

"ಒಂಬತ್ತು," ಎಂದ. ಯೋಚಿಸಬೇಕಾಗಲಿಲ್ಲ ಅವನಿಗೆ. ಮೂರು ವರ್ಷದಿಂದ ಬಾಯಲ್ಲೇ ಇತ್ತೇನೋ.

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ? ಕಲ್ಲಿನ ಹಾಗೆ ನಿಂತಿದ್ಯಲ್ಲ!"

"ಯಾರಿಗೆ ಹೇಳ್ಬೇಕಿತ್ತು? ಬರೆಯೋರು ನೀವು, ಓದೋರು ನೀವು."

ಕೈಚೀಲ ತೆರೆದು ಕಾರಿನ ಕೀಲಿ ಹುಡುಕಿದೆ. ಕೀಲಿ ಕಾರಿನಲ್ಲೇ ಇತ್ತು.

"ಗೇಲನ್‌ಗೂ ಗೊತ್ತಿತ್ತು," ಎಂದ. "ಆಟ ಮುಗಿದಮೇಲೆ ಬೆನ್ನು ತಟ್ಟಿ, ನಾಳೆ ಸರಿಹೋಗುತ್ತೆ ಕಣೋ ಅಂದ್ರು. ನನ್ನ ಕೈ ಸರಿಹೋಗುತ್ತೆ ಅಂತ! ಅದೊಂದು ಮಾತು ಮಾತ್ರ ನಂಗೆ ಇನ್ನೂ ಅರಗಿಲ್ಲ."

ಮಿಲ್ಲರ್ಸ್‌ಗೆ ಮತ್ತೆ ಬರುತ್ತೀಯಾ ಎಂದು ಕೇಳಿದೆ. ಗೇಲನ್‌ನ ಕೈಗೆ ಎಸೆಯುವುದಾದರೆ ಇಲ್ಲ ಎಂದ. ಟೈರ್ ನೋಡಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಅದಕ್ಕೂ ಸಿಟ್ಟು ಬಂತು.

ಮಾರ್ಚ್ 2, ಭಾನುವಾರ

ಅಕ್ಕನ ಮನೆಗೆ ಹೋದೆ. ಸೂಪು ಮುಗಿಯುವವರೆಗೂ ತಡೆದುಕೊಂಡೆ.

"ಗೇಲನ್, ಮೂರು ವರ್ಷದ ಹಿಂದೆ ರೋಸೆನ್ ಆಟ. ಎಂಟನೇ ಇನ್ನಿಂಗ್ಸ್. ಆ ಚೆಂಡು ನಿನ್ನ ಕೈಗವಸಿಗೆ ಬಡೀತು."

ಅವನು ಬ್ರೆಡ್ ಕೆಳಗಿಟ್ಟ. "ಬಡೀತು."

"ನೀನು ನನ್ನ ಕಡೆ ನೋಡ್ದೆ."

"ಎಲ್ಲರೂ ನೋಡ್ತಾರೆ ಚಿಕ್ಕಮ್ಮ, ಏನು ಬರೀತೀರ ಅಂತ."

"ಸುಳ್ಳು ಬರೆದೆ."

"ನಾನೇನು ಬರೀರಿ ಅಂದಿದ್ನಾ?"

"ಬೇಡ ಅಂತಾನೂ ಅನ್ಲಿಲ್ಲ. ಆ ಹುಡುಗನ ಬೆನ್ನು ಬೇರೆ ತಟ್ಟಿದೆ."

"ಊಟದ ಹೊತ್ತಲ್ಲಿ ಇದೇನೇ ಪಂಚಾಯ್ತಿ?" ಎಂದಳು ವರ್ಲಾ. "ಮೂರು ವರ್ಷದ ಹಿಂದೆ ಉರುಳಿದ ಚೆಂಡು ಈಗ್ಯಾಕೆ?"

ಹದಿಮೂರನೇ ತಾರೀಕು ಸಭೆಯಲ್ಲಿ ಓದುತ್ತೇನೆ ಎಂದೆ. ಗೇಲನ್ ನನ್ನನ್ನೇ ನೋಡಿದ. ನಲವತ್ತೊಂದು ವರ್ಷದ ಮುಖ. ಇಷ್ಟು ದಿನ ನಾನು ಬೇರೆ ಯಾವುದನ್ನೋ ನೋಡುತ್ತಿದ್ದೆ ಅನಿಸುತ್ತದೆ.

"ಎಲ್ಲರ ಮುಂದೆ? ನನ್ನ ಹೆಸರು ಹೇಳಿ?"

"ಮೊದಲು ನನ್ನ ಹೆಸರು. ಆಮೇಲೆ ನಿಂದು."

"ಬೆರಳು ಮೊದಲಿನ ಹಾಗೆ ಮುಚ್ಚಲ್ಲ, ಚಿಕ್ಕಮ್ಮ. ಚಳೀಲಿ ಪೈಪ್ ಎಳೆದೂ ಎಳೆದೂ ಹೀಗಾಗಿವೆ. ಯಾರಿಗೂ ಹೇಳಿರ್ಲಿಲ್ಲ. ಇನ್ನೊಂದು ವರ್ಷ ಆಡಿ ನಾನೇ ಬಿಡ್ತಿದ್ದೆ. ಒಂದೇ ಒಂದು ವರ್ಷ."

"ಹಾಗಂತ ಮೂರು ವರ್ಷದಿಂದ ಅಂದ್ಕೊಂಡಿದ್ದೀಯ."

ಮೇಜಿನ ಅಂಚು ಹಿಡಿದು ಎದ್ದ. ಮೊಣಕಾಲು ಸಹಕರಿಸಲಿಲ್ಲ. ನಾನು ಹಿಡಿಯಲು ಹೋದೆ, ಕೈ ಸರಿಸಿದ. ಅವನ ಟ್ರಕ್ಕು ಹೋದ ಸದ್ದು ಕೇಳಿದ ಮೇಲೆ ವರ್ಲಾ ನಾನು ತಂದಿದ್ದ ಬೋಗುಣಿಯನ್ನು, ಅದರಲ್ಲಿ ಸಲಾಡ್ ಇದ್ದ ಹಾಗೇ, ನನ್ನ ಕೈಗಿಟ್ಟಳು.

"ಹೊರಡು."

"ಅಕ್ಕಾ—"

"ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ. ಹೊರಡು."

ಅರವತ್ತೇಳು ವರ್ಷದಲ್ಲಿ ಈ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಓರಿನ್‌ಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಮಾರ್ಚ್ 4, ಮಂಗಳವಾರ

ಫೋನ್ ಮಾಡಿದೆ. ಎತ್ತಿದಳು, ನನ್ನ ದನಿ ಕೇಳಿದಳು, ಇಟ್ಟಳು.

ಮಾರ್ಚ್ 13, ಗುರುವಾರ

ಸಭೆ ಮುಗಿಸಿ ಈಗ ಬಂದೆ. ಕೋಟು ಕೂಡ ಬಿಚ್ಚಿಲ್ಲ.

ನಾನು ಪುಸ್ತಕ ತೆರೆದಾಗ ಟಾಡ್ ತೋಳು ಕಟ್ಟಿಕೊಂಡು ಯುದ್ಧಕ್ಕೆ ಕೂತಿದ್ದ. ಐದೇ ನಿಮಿಷದಲ್ಲಿ ತೋಳು ಬಿಚ್ಚಿದ. ನಾನು ಏನು ಬರೆದಿದ್ದೆ, ಏನಾಗಿತ್ತು, ಯಾಕೆ ಹಾಗೆ ಬರೆದೆ, ಎಲ್ಲ ಓದಿದೆ. ಇಪ್ಪತ್ತಮೂರರಲ್ಲಿ ನನಗೇ ಖಚಿತವಾಗಿ ನೆನಪಿರುವ ಸುಳ್ಳು ಹನ್ನೊಂದು, ಹುಡುಗನ ಲೆಕ್ಕದಲ್ಲಿ ಹದಿನಾಲ್ಕು ಎಂದೆ. ಜೋಡಿ ತಲೆ ತಗ್ಗಿಸಿ ಕೂತಿದ್ದಳು, ತಪ್ಪು ಅವಳದ್ದೋ ಎಂಬಂತೆ.

ಲೋವೆಲ್ ಏನೆಂದ ಗೊತ್ತೇ? "ನಿಮ್ಮ ಪ್ರಾಮಾಣಿಕತೆ ದೊಡ್ಡದು, ಆರ್ಡಿಸ್. ಆದ್ರೆ ಲೀಗಿನ ಆ ವರ್ಷದ ದಾಖಲೆ ಮುಚ್ಚಿಹೋಗಿದೆ. ಇದು ಈ ಕೋಣೆಯಲ್ಲೇ ಇರಲಿ."

"ಈ ಕೋಣೆಯಲ್ಲೇ ಇರಲಾ? ಅವನನ್ನ ತೆಗೆದದ್ದು ಈ ಕೋಣೆಯಲ್ಲೇ ಇತ್ತಾ? ಮಾರನೇ ದಿನ ಬ್ರೆಡ್ ಅಂಗಡೀಲೂ ಹತೋಟಿ ಇಲ್ಲದ ಕೈ ಅಂತಿದ್ರು. ನನ್ನ ಮಾತೇ ಅದು, ನನಗೇ ವಾಪಸ್ ಬಂದಿತ್ತು!"

ಗೇಲನ್ ಬೇಡ ಎನ್ನುವ ಟಾಡ್‌ನ ಪ್ರಸ್ತಾಪಕ್ಕೆ ಮೊದಲ ಮತ. ಕೈ ಎತ್ತಿದೆ. ಕೈ ಭಾರವಾಗಿತ್ತು ಎಂದೆಲ್ಲ ಬರೆಯುವುದಿಲ್ಲ. ಸಂಧಿವಾತದ ಭುಜ, ಯಾವತ್ತೂ ಭಾರವೇ. ಗೇಲನ್ ಹೆಸರು ಪಟ್ಟಿಯಿಂದ ಹೋಯಿತು.

ಇನ್ನು ಸರಿಹೋಯಿತು ಅಂದುಕೊಂಡರೆ, ಎಲಿಸೆಯೋನನ್ನು ಸೇರಿಸೋಣ ಎಂದ ಕೂಡಲೇ ಟಾಡ್ ತಲೆ ಅಲ್ಲಾಡಿಸಿದ! ಹತ್ತೊಂಬತ್ತೂ ತುಂಬಿದೆಯಂತೆ. ಮೂರು ವರ್ಷ ಬರೀ ಬಯಲಲ್ಲಿ ಆಡಿದವನಂತೆ. ಕಾಲೇಜಿನ ಪಿಚರ್ ತೊಂಬತ್ತು ಮೈಲಿ ವೇಗದಲ್ಲಿ ಎಸೆಯುತ್ತಾನಂತೆ.

"ಟಾಡ್, ನಿನ್ನ ಕೋಷ್ಟಕದಲ್ಲಿ ಆ ಹುಡುಗ ಯಾವ ಬಣ್ಣ?"

"ಅವರು ಕೋಷ್ಟಕದಲ್ಲೇ ಇಲ್ಲ."

"ಈಗ ಹಾಕು. ಇಪ್ಪತ್ತಮೂರರ ಬದಲು ಒಂಬತ್ತು ಹಾಕು. ಅಂಕಿ ನೋಡಿ ಮಾತಾಡೋಣ ಅಂದೋನು ನೀನೇ ತಾನೇ?"

ಅವನು ಮೇಷ್ಟರು, ಅಷ್ಟು ಹೇಳಲೇಬೇಕು. ಕಂಪ್ಯೂಟರ್ ತೆರೆದು ಹಾಕಿದ. ಗೋಡೆಯ ಮೇಲೆ ಆ ಸಾಲು ಹಸಿರಾಯಿತು.  ಆದರೂ ಮೂರು ವರ್ಷದ ಹಿಂದಿನ ಹಸಿರು, ಈ ವರ್ಷಕ್ಕೆ ನಾನು ನಂಬಲಾರೆ ಎಂದ.

ಆಗ ಮಾರ್ವ್ ಬಾಯಿ ಬಿಟ್ಟ. ನಾನು ಅವನನ್ನು ಮರೆತೇಬಿಟ್ಟಿದ್ದೆ. "ಅವತ್ತು ನಾನು ಆ ಹುಡುಗನ ವಿರುದ್ಧ ಕೈ ಎತ್ತಿದ್ದೆ," ಎಂದ. "ನಿನ್ನ ಅಂಕಿ ನಂಬಿ, ಆರ್ಡಿಸ್. ಅದಾದ ವಾರಕ್ಕೆ ಹಿಮದಲ್ಲಿ ನನ್ನ ಟ್ರಕ್ ಟೈರ್ ಒಡೆದು ನಿಂತಿದ್ದೆ. ಬಂದು ಹಾಕಿಕೊಟ್ಟೋನು ಅವನೇ. ಮುಖ ನೋಡೋಕಾಗ್ಲಿಲ್ಲ ನಂಗೆ. ತಪ್ಪು ಮಾಡಿಲ್ಲ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ, ಅಂಕಿ ಇದೆಯಲ್ಲ ಅಂತ." ನನ್ನ ಕಡೆ ಬೆರಳು ತೋರಿಸಿದ. "ನೀನು ನನ್ನ ಕೈಲಿ ಅನ್ಯಾಯ ಮಾಡಿಸ್ದೆ."

ಮಾರ್ವ್, ಜೋಡಿ, ನಾನು. ಮೂರಕ್ಕೆ ಎರಡು. ಕಾಲೇಜಿನ ಮೂರನೇ ಹುಡುಗ ಹೋದ, ಎಲಿಸೆಯೋ ಬಂದ. ಕರೆದರೆ ಬರುತ್ತಾನೋ ಇಲ್ಲವೋ, ಕರೆಯುವ ಕೆಲಸ ಟಾಡ್‌ನದ್ದು.

ಪೆನ್ಸಿಲ್ ಬೇರೆಯವರಿಗೆ ಕೊಡುತ್ತೇನೆ ಎಂದೆ. ಯಾರೂ ಕೈ ಚಾಚಲಿಲ್ಲ. ಜೋಡಿ ಪಕ್ಕದಲ್ಲಿ ಕೂತು ಕಲಿಯುವುದೆಂದು ತೀರ್ಮಾನವಾಯಿತು.

ಬರುವಾಗ ಸೂಚನಾಫಲಕಕ್ಕೆ ಒಂದು ಕಾಗದ ಚುಚ್ಚಿಬಂದೆ: "ಎಲಿಸೆಯೋ ಬರ್ರಾಗಾನ್‌ನ ದಾರಿತಪ್ಪಿದ ಎಸೆತ ಇಪ್ಪತ್ತಮೂರಲ್ಲ, ಒಂಬತ್ತು. ಉಳಿದದ್ದು ಬರೆದವಳ ತಪ್ಪು. ಆರ್ಡಿಸ್ ನೈಗಾರ್ಡ್." ಈ ಕೋಣೆಯಲ್ಲೇ ಇರಲಂತೆ!

ಮಾರ್ಚ್ 20, ಗುರುವಾರ

ಯಾರೋ ಕಾಗದ ಹರಿದಿದ್ದಾರೆ. ಇನ್ನೊಂದು ಬರೆದು ಚುಚ್ಚಿದೆ.

ಮಾರ್ಚ್ 24, ಸೋಮವಾರ

ಮತ್ತೆ ಹರಿದಿದ್ದಾರೆ. ಓರಿನ್ ಕೆರೆಯ ಮಂಜು ಕರಗಿತೆಂದು ಮನೆಯಲ್ಲೇ ಕೂತಿದ್ದಾನೆ. ಏನೂ ಕೇಳದೆ ಮರದ ಚೌಕಟ್ಟು ಮಾಡಿ, ಗಾಜು ಹಾಕಿ, ಹೋಗಿ ನಾಲ್ಕು ತಿರುಪು ಬಿಗಿದುಬಂದ. ಇನ್ನು ಹರಿಯಲಿ ನೋಡೋಣ.

ಏಪ್ರಿಲ್ 12, ಶನಿವಾರ

ಒದ್ದೆ ಮೈದಾನದಲ್ಲಿ ಮೊದಲ ಅಭ್ಯಾಸ. ಎಲಿಸೆಯೋ ಬಂದಿದ್ದ. ಅರ್ಧ ಗಂಟೆ ಎಸೆದ. ಟಾಡ್ ಪಕ್ಕದಲ್ಲಿ ನಿಂತು ನೋಡಿದ, ಆಮೇಲೆ ಇನ್ನೂ ಪಕ್ಕಕ್ಕೆ ಬಂದು ನೋಡಿದ.  ಹದಿನಾಲ್ಕನೇ ನಂಬರಿನ ಸಮವಸ್ತ್ರವನ್ನು ಕೈಯಾರೆ ತಂದುಕೊಟ್ಟ.

ಚೆನ್ನಾಗಿದ್ದೀಯಾ ಎಂದು ಕೇಳಲು ಹೋದವಳು, "ಗಡ್ಡ ತೆಗಿ, ಬೆವರಿಗೆ ಕಡಿಯುತ್ತೆ" ಎಂದುಬಂದೆ.

ಏಪ್ರಿಲ್ 27, ಭಾನುವಾರ

ಇವತ್ತಿನ ಸುದ್ದಿ ಕೇಳಿ ಕಾಫಿ ಲೋಟ ಕೈಜಾರಿತು. ಗೇಲನ್ ರೋಸೆನ್ ಸೇರಿದ್ದಾನೆ. ರೋಸೆನ್! ನಮ್ಮ ಅಪ್ಪ ಆ ಊರಿನ ದಾರಿಯಲ್ಲಿ ಹೋಗುವಾಗ ಕಾರಿನ ಕಿಟಕಿ ಏರಿಸುತ್ತಿದ್ದರು. ಕ್ಯಾಚರ್ ಅಲ್ಲವಂತೆ, ಮೊದಲ ಬೇಸಿನಲ್ಲಿ ನಿಲ್ಲುತ್ತಾನಂತೆ, ಕೂರುವ ಕೆಲಸ ಇಲ್ಲ. ಮೊದಲ ಆಟವೇ ನಮ್ಮ ಮೇಲೆ.

ಇಪ್ಪತ್ತೆರಡು ವರ್ಷ ಉಂಡ ಮನೆ! ಓರಿನ್ ಎನ್ನುತ್ತಾನೆ, "ನೀವೇ ತಾನೇ ಎಬ್ಬಿಸಿ ಕಳಿಸಿದ್ದು?" ಅವನ ಜೊತೆ ಇಡೀ ದಿನ ಮಾತಾಡಿಲ್ಲ.

ಮೇ 4, ಭಾನುವಾರ

ಸೋತೆವು. ನಾಲ್ಕಕ್ಕೆ ಮೂರು. ಅದಿರಲಿ.

ಬಿಸಿಲಿತ್ತು, ಗಾಳಿಯೂ ಇತ್ತು. ಊರೆಲ್ಲ ಬಂದಿತ್ತು, ಅರ್ಧ ಜನ ಆಟಕ್ಕೆ, ಅರ್ಧ ಜನ ಗೇಲನ್ ರೋಸೆನ್‌ನ ಕಂದು ಅಂಗಿಯಲ್ಲಿ ಹೇಗೆ ಕಾಣುತ್ತಾನೆಂದು ನೋಡಲು. ಚೆನ್ನಾಗಿಯೇ ಕಂಡ, ಹಾಳಾದವನು. ವರ್ಲಾ ಅವರ ಕಡೆಯ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಕಡೆ ಬೆನ್ನು.

ಎಲಿಸೆಯೋ ಏಳು ಇನ್ನಿಂಗ್ಸ್ ಎಸೆದ. ಮೂರನೆಯದರಲ್ಲಿ ಒಂದು ಎಸೆತ ಮಣ್ಣಿಗೆ ಬಡಿದು ನಮ್ಮ ಹೊಸ ಹುಡುಗ ಕ್ಯಾಚರ್‌ನ ತಲೆಯ ಮೇಲೆ ಹಾರಿತು, ಒಂದು ರನ್ ಹೋಯಿತು. ದಾರಿತಪ್ಪಿದ್ದು ಎಂದು ಬರೆದೆ. ಅವನದೇ, ಏನು ಮಾಡುವುದು?

ಏಳನೆಯದರಲ್ಲಿ ಮೂರಕ್ಕೆ ಮೂರು ಸಮ, ಮೂರನೇ ಬೇಸಿನಲ್ಲಿ ರೋಸೆನ್‌ನವನು, ಇಬ್ಬರು ಔಟ್. ಬ್ಯಾಟ್ ಹಿಡಿದು ಗೇಲನ್ ಬಂದ. ಪೆನ್ಸಿಲ್ ಮೊನೆ ಮತ್ತೊಮ್ಮೆ ಚೂಪು ಮಾಡಿಕೊಂಡೆ.  ಎಲಿಸೆಯೋ ಮೂರು ಎಸೆದ, ಗೇಲನ್ ಮೂರನ್ನೂ ಬಿಟ್ಟ. ನಾಲ್ಕನೆಯದನ್ನು ಬೀಸಿ ಹೊಡೆದ. ಚೆಂಡು ನೆಲ ಸವರಿಕೊಂಡು ಹೋಗಿ ಎರಡನೇ ಬೇಸಿನ ಪಕ್ಕದಲ್ಲಿದ್ದ ನಮ್ಮ ಕಾಲೇಜು ಹುಡುಗನ ಎದೆಯೆತ್ತರಕ್ಕೆ ಪುಟಿಯಿತು. ಅವನ ಕೈಗವಸಿಗೆ ಬಡಿದು ಕೆಳಗೆ ಬಿತ್ತು. ಹುಡುಕುವಷ್ಟರಲ್ಲಿ ರನ್ ಬಂದಾಗಿತ್ತು, ಗೇಲನ್ ಆ ಮೊಣಕಾಲಿನಲ್ಲೇ ಕುಂಟುತ್ತ ಬೇಸ್ ಮುಟ್ಟಿದ್ದ.

ಇದನ್ನು ಗೇಲನ್‌ನ ಹೊಡೆತ ಎಂದು ಬರೆಯಬೇಕೋ, ಆ ಹುಡುಗನ ತಪ್ಪು ಎಂದು ಬರೆಯಬೇಕೋ? ಹೊಡೆತವಾದರೆ ರನ್ ಎಲಿಸೆಯೋನ ತಲೆಗೆ. ತಪ್ಪೆಂದರೆ ಗೇಲನ್‌ಗೆ ಏನೂ ಇಲ್ಲ.

"ನೀನೇನು ನೋಡ್ದೆ?" ಎಂದು ಜೋಡಿಯನ್ನು ಕೇಳಿದೆ.

"ಎದೆ ಹತ್ರ ಬಂದಿತ್ತು. ನಿಂತಲ್ಲೇ ನಿಂತಿದ್ರು. ನಾನಾಗಿದ್ರೂ... ಇಲ್ಲ, ನಾನು ಹಿಡೀತಿರ್ಲಿಲ್ಲ. ಆದ್ರೆ ಅವರು ಹಿಡೀಬೇಕಿತ್ತು."

ನಾನು ನೋಡಿದ್ದೂ ಅದನ್ನೇ. ಹುಡುಗನ ತಪ್ಪು ಎಂದು ಬರೆದೆ, ಸ್ಕೋರ್ ಫಲಕದಲ್ಲಿ ಹಾಕಿಸಿದೆ. ಮೆಟ್ಟಿಲುಗಳಿಂದ ಎದ್ದ ಕೂಗು ಕೇಳಬೇಕಿತ್ತು! ರೋಸೆನ್‌ನವರು ಎದ್ದು ನಿಂತು ಬೈದರು. ನಮ್ಮ ಕಾಲೇಜು ಹುಡುಗ ನೆಲಕ್ಕೆ ಟೋಪಿ ಎಸೆದ. ಟಾಡ್ ಕೂಡ ಕೈ ಚೆಲ್ಲಿ ನನ್ನ ಕಡೆ ನೋಡಿದ. ಒಬ್ಬರಿಗಾದರೂ ಖುಷಿಯಾಗಬೇಕಲ್ಲ? ಇಲ್ಲ.

ಆಟ ಮುಗಿಯುವುದನ್ನೇ ಕಾಯುತ್ತಿದ್ದಳೇನೋ, ನನ್ನ ಕೋಣೆಯ ಬಾಗಿಲನ್ನು ದಡಾರನೆ ತಳ್ಳಿಕೊಂಡು ವರ್ಲಾ ಬಂದಳು. ಎಪ್ಪತ್ತೆರಡು ವರ್ಷ ಅವಳಿಗೆ, ಹದಿನಾರು ಮೆಟ್ಟಿಲು. ಏದುಸಿರು ಬಿಡುತ್ತಿದ್ದಳು.

"ಕಣ್ಣು ಕಾಣ್ಸಲ್ವೇನೇ ನಿಂಗೆ?"

ಎರಡು ತಿಂಗಳಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು.

"ಕಾಣ್ಸುತ್ತೆ. ಕೂತ್ಕೋ, ಬೀಳ್ತೀಯ."

"ಗುಂಡಿನ ಹಾಗೆ ಬಂತು! ಯಾವನು ಹಿಡೀತಾನೆ ಅದನ್ನ?"

"ಹಿಡೀಬೇಕಾದ್ದೇ ಅಕ್ಕ. ಇಪ್ಪತ್ತೈದು ವರ್ಷದ ಗೇಲನ್ ಆಗಿದ್ರೆ ಒಂದು ಕೈಯಲ್ಲಿ ಹಿಡೀತಿದ್ದ."

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಹಿಡೀತಿದ್ದ," ಎಂದಳು. ಆಮೇಲೆ ಮತ್ತೆ ಶುರು ಮಾಡಿದಳು: ನೀನು ಹುಟ್ಟಿದಾಗಿನಿಂದ ಹಟಮಾರಿ, ನಿನ್ನ ಕನ್ನಡಕ ಬದಲಾಯಿಸು, ಹೊಡೆದ ರಭಸ ನೋಡಬೇಕು, ಹಿಡಿಯುವವನ ಕೈ ಮಾತ್ರ ಅಲ್ಲ. ಜೋಡಿ ಪುಸ್ತಕಗಳನ್ನು ಎದೆಗವಚಿಕೊಂಡು ಮೆಲ್ಲಗೆ ಜಾರಿಕೊಂಡಳು.

ಅಕ್ಕನನ್ನು ಕರೆತಂದಿದ್ದ ನೆರೆಯವರು ಕಾಯದೆ ಹೊರಟುಹೋಗಿದ್ದರು. ನನ್ನ ಕಾರಿನಲ್ಲಿ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಜಗಳ. ನಾನೂ ಬಿಡಲಿಲ್ಲ, ಅವಳೂ ಬಿಡಲಿಲ್ಲ. ತಿರುವಿನಲ್ಲಿ ಇಂಡಿಕೇಟರ್ ಹಾಕುವುದನ್ನೇ ಮರೆತೆ, ಅದಕ್ಕೂ ಬೈದಳು. ಆ ಇನ್ನೊಂದು ಮಾತನ್ನು, ಮಾರ್ಚ್ ತಿಂಗಳಲ್ಲಿ ಆಡಿದ್ದನ್ನು, ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವಳ ಮನೆಯ ಮುಂದೆ ನಿಲ್ಲಿಸಿದೆ. ಇಳಿದು ಬಾಗಿಲು ಬಡಿದು ಹೋಗುತ್ತಾಳೆ ಅಂದುಕೊಂಡೆ. ಇಳಿಯಲಿಲ್ಲ. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಗಾಜನ್ನೇ ನೋಡುತ್ತ ಕೂತಳು.

"ಸರಿ, ಮೊದಲಿಂದ ಹೇಳು," ಎಂದಳು. "ಅವನು ಬ್ಯಾಟ್ ಬೀಸಿದ್ದರಿಂದ ಹೇಳು."

ಎಂಜಿನ್ ಆರಿಸಿದೆ. ಹೇಳಿದೆ.